ಬೆರಳ ತುದಿಯಲ್ಲಿ ರೋಮ್

ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ನಾಣ್ಯದಣ್ಣನಿಗೆ ಏನೂ ಆಗುತ್ತಿರಲಿಲ್ಲ. ವಸ್ತುಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ ಮುಖ್ಯಸ್ಥನನ್ನು ಆರಿಸಲು ಮೇಲಧಿಕಾರಿ ಬರುವ ದಿನ ಅದು. ಇಪ್ಪತ್ತು ವರ್ಷ ಅಲ್ಲೇ ಗುಮಾಸ್ತನಾಗಿ ಸವೆದವನಿಗೆ ಆ ಕುರ್ಚಿಯ ಮೇಲೇ ಪ್ರಾಣ. ಹೆಂಡತಿಯಂತೂ ನೆಂಟರಿಗೆಲ್ಲ ಆಗಲೇ ಫೋನ್ ಮಾಡಿ ಮುಗಿಸಿದ್ದಳು.

ಅವನ ಹೆಮ್ಮೆಗೂ ಕಾರಣವಿತ್ತು ಅನ್ನಿ. ಬಾಗಿಲೆದುರಿನ ಗಾಜಿನ ಪೆಟ್ಟಿಗೆಯಲ್ಲಿ ಅವನು ಮೊಟ್ಟಮೊದಲು ಗುರುತಿಸಿದ ರೋಮ್ ನಾಣ್ಯವಿತ್ತು, ಪಕ್ಕದಲ್ಲಿ 'ಅಸಲಿ' ಎಂದು ಅವನದೇ ಸಹಿಯ ಚೀಟಿ. ಮದುವೆಯಾದ ವಾರವೇ ಹೆಂಡತಿಯನ್ನು ಕರೆತಂದು ತೋರಿಸಿದ್ದ.

"ರೋಮ್ ಸಾಮ್ರಾಜ್ಯದ ಕೊನೆಗಾಲದ ಬೆಳ್ಳಿ ತಾನೇ? ಕಣ್ಣು ಕಟ್ಟಿದ್ರೂ ಅಸಲಿ ನಕಲಿ ಹೇಳ್ತೀನಿ," ಎಂದುಬಿಟ್ಟ ಆ ಬೆಳಿಗ್ಗೆ ಚಹಾ ಹೀರುತ್ತಾ.

ಟಿಕೆಟ್ ಕೊಡುವ ಅಕ್ಕನಿಗೆ ಅಷ್ಟೇ ಸಾಕಾಯಿತು. ಅಧಿಕಾರಿ ಒಳಗೆ ಕಾಲಿಟ್ಟಿದ್ದೇ ತಡ, "ಸಾರ್, ನಮ್ಮಣ್ಣ ಕಣ್ಣು ಕಟ್ಕೊಂಡು ನಾಣ್ಯ ಗುರುತು ಹಿಡೀತಾರೆ!" ಎಂದು ಒದರಿದಳು.

"ಹೌದೇನ್ರೀ?"

ಇಲ್ಲ ಅನ್ನಲು ನಾಲಿಗೆ ಏಳಬೇಕಲ್ಲ! "ಕಟ್ಟಿ ಸಾರ್," ಅಂದ ಎದೆಯುಬ್ಬಿಸಿ. ಕಾವಲುಗಾರ ತನ್ನ ಟವೆಲ್ಲಿನಲ್ಲಿ ಕಣ್ಣಿನ ಜೊತೆ ಮೂಗನ್ನೂ ಸೇರಿಸಿ ಬಿಗಿದ. ಸೀನಿನ ಮೇಲೆ ಸೀನು.

ಮೊದಲು ಕೈಗೆ ಬಂದದ್ದನ್ನು ಸವರಿ, "ಇದು ಕಾವಲುಗಾರನ ಅಂಗಿ ಗುಂಡಿ. ತಲೆಹರಟೆ ಬೇಡ," ಅಂದ. ಎಲ್ಲರೂ ನಕ್ಕರು. ಆಮೇಲೆ ನಿಜವಾದ ನಾಣ್ಯ ಬಂತು, ಎಲೆಯಷ್ಟು ತೆಳ್ಳಗೆ.

"ಅಸಲಿ! ರಾಜನ ತಲೆಪಟ್ಟಿಯ ಮುತ್ತು ಒಂದೊಂದೂ ಬೆರಳಿಗೆ ಸಿಗ್ತಿದೆ. ಅಂಚು ನೋಡಿ, ಬೆಳ್ಳಿ ಆಸೆಗೆ ಆ ಕಾಲದವರೇ ಕತ್ತರಿಸಿದ್ದಾರೆ. ಕತ್ತರಿಸಿದ ಜಾಗ ಇನ್ನೂ ಚೂಪು."

ಐದಕ್ಕೆ ಐದೂ ಸರಿಯಾಯಿತು. ಅಕ್ಕನಿಗೆ ಉತ್ಸಾಹ ತಡೆಯಲಿಲ್ಲ. "ಇರಿ ಸಾರ್, ಇನ್ನೊಂದು ತರ್ತೀನಿ!" ಎಲ್ಲೋ ಬೀಗ ತೆಗೆದ ಸದ್ದಾಯಿತು.

ಆರನೆಯದನ್ನು ಮುಟ್ಟಿದವನೇ ಮುಖ ಸಿಂಡರಿಸಿದ. "ಥೂ, ಅಪ್ಪಟ ನಕಲಿ! ಕತ್ತರಿಸಿದ ನಾಣ್ಯದಿಂದಲೇ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಅಂಚೆಲ್ಲ ಮೊಂಡು, ಮೈಯೆಲ್ಲ ಸೋಪಿನ ಹಾಗೆ ನುಣುಪು. ಇದನ್ನ ಅಸಲಿ ಅಂದ ಮಹಾನುಭಾವನ ಕೈಗೆ ನಾಣ್ಯ ಇರಲಿ, ಬಿಸ್ಕತ್ತೂ ಕೊಡಬಾರದು!"

ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿದ. "ಶಭಾಷ್! ನೂರಕ್ಕೆ ನೂರು ಸರಿ. ಇದನ್ನ ಅಸಲಿ ಅಂತ ಬರೆದವನಿಗೆ ಮಾತ್ರ ನಾನು ಈ ವಿಭಾಗ ಕೊಡಲ್ಲ. ಯಾರ್ರೀ ಅದು?"

ನಾಣ್ಯದಣ್ಣ ಟವೆಲ್ ಕಿತ್ತೆಸೆದು ನೋಡಿದ. ಬಾಗಿಲೆದುರಿನ ಗಾಜಿನ ಪೆಟ್ಟಿಗೆ ಖಾಲಿ. ಪಕ್ಕದಲ್ಲೇ ಅಕ್ಕ ಹಳದಿಗಟ್ಟಿದ ಚೀಟಿ ಹಿಡಿದು ನಿಂತಿದ್ದಳು.

"ಈ ಸಹಿ..." ಅಧಿಕಾರಿ ಚೀಟಿ ಇಸಿದುಕೊಂಡ.

"ನಂದೇ ಸಾರ್."

ಕುರ್ಚಿ ಬೇರೆ ಊರಿನವನ ಪಾಲಾಯಿತು. ಸಂಜೆ ಹೆಂಡತಿ ಬಾಗಿಲಲ್ಲೇ ತಡೆದಳು. "ಸಿಕ್ತಾ?"

"ಇಲ್ಲ ಕಣೇ," ಎಂದು ಅವನು ಚಪ್ಪಲಿ ಬಿಟ್ಟ. ಎದೆ ಮಾತ್ರ ಉಬ್ಬಿಯೇ ಇತ್ತು. "ಇಪ್ಪತ್ತು ವರ್ಷದಲ್ಲಿ ಎಂತೆಂಥ ಪಂಡಿತರು ಬಂದು ನೋಡಿ ಹೋದ್ರು! ಒಬ್ಬನ ಕೈಲಾದ್ರೂ ನನ್ನ ತಪ್ಪು ಹಿಡಿಯೋಕಾಯ್ತಾ? ಅದಕ್ಕೂ ನಾನೇ ಬೇಕಾಯ್ತು ನೋಡು!"