ಬೌದ್ಧ ವಿಹಾರದ ಬೇಲಿ ದಾಟಿ ನನ್ನ ಹೊಲಕ್ಕೆ ಬಂದ ಕಣಜಮ್ಮನವರಿಗೆ

ಮಾನ್ಯರೇ,

ಎರಡು ಮಿಲಿಮೀಟರು ಉದ್ದದ ತಮ್ಮ ದಿವ್ಯ ಶರೀರಕ್ಕೆ ಕೈಮುಗಿದು, ರೆಕ್ಕೆಗಳ ಕ್ಷೇಮ ವಿಚಾರಿಸಿ, ಮೊದಲು ಖರ್ಚಿನ ಪಟ್ಟಿಯನ್ನು ಒಪ್ಪಿಸಿಬಿಡುತ್ತೇನೆ. ಮಾದರಿ ಹೊಲಕ್ಕೆ ನೆಡಿಸಿದ ಬಣ್ಣದ ಫಲಕ, ಎಂಟುನೂರು ಬಾತ್ ಹಣ. ಮಾರಾಟವಾಗದೆ ಅಂಗಡಿಯಲ್ಲೇ ಕುಳಿತ ಕ್ರಿಮಿನಾಶಕ, ಅರವತ್ತೆರಡು ಡಬ್ಬಿ. ಸಿಟ್ಟಾದ ಊರವರಿಗೆ ಉಣಬಡಿಸಿದ ಜಿಗುಟು ಅನ್ನ ಮತ್ತು ಸುಟ್ಟ ಕೋಳಿ, ಒಂಬೈನೂರು ಬಾತ್. ಹತ್ತೊಂಬತ್ತು ವರ್ಷ ಬಾಯಿಂದಲೇ ಕಟ್ಟಿಕೊಂಡ ಒಳ್ಳೆಯ ಹೆಸರಿಗೆ ಎಷ್ಟು ಬೆಲೆ ಬರೆಯಬೇಕೋ ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ತಮಗೆ ಗೊತ್ತಿರುವಂತೆ, ನಮ್ಮ ಕೊರಾತ್ ಸೀಮೆಯ ಮರಗೆಣಸಿಗೆ ಗುಲಾಬಿ ಹಿಟ್ಟು ತಿಗಣೆ ಹತ್ತಿ, ಗಿಡದ ತುದಿಗಳು ಮುದುಡಿ ಎಲೆಕೋಸಿನಂತಾದಾಗ, ಊರಿಗೆ ಇದ್ದ ಒಂದೇ ಆಸರೆ ನನ್ನ ಔಷಧಿ ಅಂಗಡಿಯಾಗಿತ್ತು. ಅಷ್ಟರಲ್ಲಿ ಕೃಷಿ ಅಧಿಕಾರಿಯೊಬ್ಬರು ಮನೆಗೊಂದು ಸೀಸೆಯಂತೆ ತಮ್ಮ ಕಣಜ ಕುಟುಂಬವನ್ನು ಹಂಚಿ, ಈ ಕಣಜ ಮನುಷ್ಯರನ್ನು ಕಚ್ಚುವುದಿಲ್ಲ, ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆಯಿಡುತ್ತದೆ, ಮರಿ ಅದನ್ನು ಒಳಗಿಂದಲೇ ತಿಂದು ಮುಗಿಸುತ್ತದೆ, ತಪ್ಪದೆ ಹೊಲದಲ್ಲೇ ಬಿಡಿ ಎಂದು ಮೂರು ಬಾರಿ ಹೇಳಿ ಹೋದರು. ನಮ್ಮವರು ಮೂರು ಬಾರಿಯೂ ತಲೆಯಾಡಿಸಿದರು. ಆದರೆ ಹಕ್ಕಿಯನ್ನೂ ಹಾವುಮೀನನ್ನೂ ಕೊಂಡು ವಿಹಾರದಲ್ಲಿ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಜನ ನಾವು. ಪುಕ್ಕಟೆ ಸಿಕ್ಕ ಇಷ್ಟೊಂದು ಜೀವವನ್ನು ಮರಗೆಣಸಿನ ಸಾಲಿನಲ್ಲಿ ವ್ಯರ್ಥ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಊರಿಗೆ ಊರೇ ಸೀಸೆ ಹಿಡಿದು ವಿಹಾರಕ್ಕೆ ಹೋಗಿ, ಭಿಕ್ಷುಗಳಿಂದ ಮಂತ್ರ ಹೇಳಿಸಿ, ತೀರಿಕೊಂಡವರ ಹೆಸರಿನಲ್ಲಿ ಮುಚ್ಚಳ ತೆಗೆಯಿತು.

ಅಲ್ಲಿ ತಮಗೆ ತಿಗಣೆ ಎಲ್ಲಿಂದ ಸಿಗಬೇಕು? ಗಾಳಿ ಹಿಡಿದು ಪಕ್ಕದ ಬೇಲಿ ದಾಟಿದಿರಿ. ಪಕ್ಕದ ಹೊಲ ನನ್ನದು. "ಈ ಬೆಳೆಗೆ ನಮ್ಮ ಔಷಧಿಯೇ ಕಾವಲು" ಎಂದು ಫಲಕ ಹೊತ್ತ ನನ್ನ ಮಾದರಿ ಹೊಲ.

ಮರುದಿನ ಬೆಳಿಗ್ಗೆ ನಾನು ಪಂಪು ಬೆನ್ನಿಗೇರಿಸುವಷ್ಟರಲ್ಲಿ ನೆರೆಮನೆಯ ಕೇಸೊನ್ ಚಿಕ್ಕಮ್ಮ ಬೇಲಿಯಾಚೆಯಿಂದ ಕೂಗಿದರು.

"ಲಮ್ದುವಾನ್, ಕೆಳಗಿಡೇ ಅದನ್ನ! ನಮ್ಮತ್ತೆ ಹೆಸರಲ್ಲಿ ಬಿಟ್ಟ ನೂರು ಜೀವ ಅಲ್ಲಿದೆ. ಒಂದು ಸತ್ರೂ ಆಯಮ್ಮ ಕನಸಲ್ಲಿ ಬಂದು ನನ್ನೇ ಬೈತಾಳೆ."

"ನಿಮ್ಮತ್ತೇದು ಯಾವುದು ಅಂತ ತೋರ್ಸಿ ಚಿಕ್ಕಮ್ಮ, ಅದನ್ನ ಬಿಟ್ಟು ಮಿಕ್ಕಿದ್ದಕ್ಕೆ ಹೊಡೀತೀನಿ."

"ಯಾವುದು ಕೂತಲ್ಲಿ ಕೂರದೆ ಎಲ್ಲದರಲ್ಲೂ ಮೂಗು ತೂರಿಸ್ತಿದೆಯೋ ಅದೇ!"

ಎಲ್ಲವೂ ಹಾಗೆಯೇ ಇದ್ದುದರಿಂದ ನಾನು ಪಂಪನ್ನು ಕೆಳಗಿಟ್ಟೆ. ವಿಹಾರದಲ್ಲಿ ಬಿಡುಗಡೆಯಾದ ಜೀವವನ್ನು ಕೊಂದವಳ ಬಳಿ ಆಮೇಲೆ ಯಾರು ಉಪ್ಪನ್ನಾದರೂ ಕೊಳ್ಳುತ್ತಾರೆ? ಆ ಹಂಗಾಮಿನಲ್ಲಿ ನನ್ನ ಹೊಲಕ್ಕೆ ಒಂದು ಹನಿ ಔಷಧಿಯೂ ಬೀಳಲಿಲ್ಲ. ಊರವರೋ, ಪುಣ್ಯದ ಕೆಲಸ ಮುಗಿಯಿತೆಂದು ನಿಶ್ಚಿಂತೆಯಿಂದ ನನ್ನಲ್ಲೇ ಔಷಧಿ ಕೊಂಡು ತಮ್ಮ ಹೊಲಗಳಿಗೆ ನಾಲ್ಕು ನಾಲ್ಕು ಬಾರಿ ಹೊಡೆದರು.

ಅದಾಗಿ ಐದನೆಯ ತಿಂಗಳಲ್ಲಿ ಊರೆಲ್ಲ ಮುದುಡಿ ನಿಂತಾಗ ನನ್ನ ಹೊಲ ಮಾತ್ರ ನಾಚಿಕೆಯಿಲ್ಲದೆ ಹಸಿರಾಗಿತ್ತು. ಫಲಕದ ಕೆಳಗೆ ನೆರೆದ ಜನರ ಮುಂದೆ ಊರ ಯಜಮಾನ ಥವೀ ಅಣ್ಣ ಕೇಳಿಯೇಬಿಟ್ಟರು: "ನಮಗೆ ನೀರು ಮಾರಿ, ಅಸಲಿ ಔಷಧಿ ನಿನ್ನ ಹೊಲಕ್ಕೆ ಇಟ್ಕೊಂಡ್ಯಾ ತಂಗಿ?"

ಮಾನ್ಯರೇ, ತಾವು ನನ್ನನ್ನು ನಿಲ್ಲಿಸಿದ ಜಾಗ ನೋಡಿ. ಔಷಧಿ ಹೊಡೆದೆ ಎಂದರೆ ನಾನು ಮೋಸಗಾತಿ. ಹೊಡೆದಿಲ್ಲ ಎಂದರೆ ನನ್ನ ಸರಕು ಕಸ. ಕೋಳಿಯನ್ನೂ ಅನ್ನವನ್ನೂ ಬಡಿಸಿ ಮಾತು ಮರೆಸಲು ನೋಡಿದೆ. ಅವರು ಮೂಳೆ ಚೀಪುತ್ತಲೇ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಕೊನೆಗೆ ಒಂದು ಟೊಂಗೆ ಮುರಿದು, ಅದಕ್ಕೆ ಅಂಟಿದ್ದ ಒಣಗಿದ ಕಂದು ತಿಗಣೆಗಳನ್ನು ಅವರ ಕಣ್ಣೆದುರು ಹಿಡಿದೆ. ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು: ಸರಿಯಾಗಿ ಆಗಲೇ ತಮ್ಮ ಪುತ್ರಿಯೊಬ್ಬಳು ಚಿಪ್ಪಿಗೆ ದುಂಡನೆಯ ತೂತು ಕೊರೆದು ಹೊರಬಂದು, ಯಜಮಾನರ ಹೆಬ್ಬೆರಳ ಮೇಲೆ ಕುಳಿತು ಮೀಸೆ ಒರೆಸಿಕೊಂಡಳು.

"ಒಂದು ಹನಿ ಹೊಡೆದಿಲ್ಲ ಅಣ್ಣ. ಇದೆಲ್ಲ ಇವಳ ಕೆಲಸ."

"ಹಂಗಾದ್ರೆ ನಾಲ್ಕು ಸಲ ಹೊಡೆದ ನಮ್ಮ ಹೊಲ?"

ಮಾತು ಮಾರಿಯೇ ಬದುಕಿದ ನಾನು ಅಂದು ಟೊಂಗೆಯನ್ನು ಅವರ ಕೈಗಿಟ್ಟು ನಿಜವನ್ನೇ ಹೇಳಿಬಿಟ್ಟೆ.

"ಔಷಧಿ ನಿಮ್ಮ ಹೊಲಕ್ಕೆ ಬಂದ ಇವಳ ಬಳಗಾನ ಕೊಲ್ಲುತ್ತೆ, ಮೇಣ ಮೆತ್ತಿದ ತಿಗಣೆ ಬದುಕುತ್ತೆ. ಹೊಡೆದಿದ್ದಕ್ಕೇ ಹಾಳಾಯ್ತು ಅಣ್ಣ."

ಆದ್ದರಿಂದ ತಮ್ಮಲ್ಲಿ ಸವಿನಯವಾಗಿ ಕೋರುವುದೇನೆಂದರೆ: ಹೊಲಕ್ಕೆ ಹತ್ತಾದರೂ ತಿಗಣೆಯನ್ನು ನನ್ನ ಹೊಟ್ಟೆಪಾಡಿಗೆ ಉಳಿಸಬೇಕು, ಉಪೋಸಥ ವ್ರತದ ದಿನಗಳಲ್ಲಾದರೂ ಹಿಂಸೆ ನಿಲ್ಲಿಸಿ ಮೊಟ್ಟೆಯಿಡದೆ ಧ್ಯಾನಕ್ಕೆ ಕೂರಬೇಕು, ಇಷ್ಟು ವರ್ಷ ನಾನು ಮಾರಿದ್ದರಿಂದ ಸತ್ತ ತಮ್ಮ ಬಂಧುಗಳ ಲೆಕ್ಕವನ್ನು ನನ್ನ ಮುಂದಿನ ಜನ್ಮಕ್ಕೆ ದಾಟಿಸದೆ ಇಲ್ಲಿಯೇ ಚುಕ್ತಾ ಮಾಡಿ, ರಸೀದಿಗೆ ಕೊಂಡಿಯೊತ್ತಿ ಕೊಡಬೇಕು.

ತಮ್ಮ ವಿಶ್ವಾಸಿ,
ಲಮ್ದುವಾನ್, ಔಷಧಿ ಅಂಗಡಿ

ಮರೆತ ಮಾತು: ಈಗ ಊರವರು ನನ್ನ ಹೊಲದಿಂದ ಕಂದು ಚಿಪ್ಪಿನ ಟೊಂಗೆಗಳನ್ನು ಕೇಳದೆಯೇ ಮುರಿದುಕೊಂಡು ಹೋಗಿ ತಮ್ಮ ಸಾಲುಗಳಿಗೆ ಕಟ್ಟುತ್ತಿದ್ದಾರೆ. ಊರಿಗೆ ಬೆಳೆ ಬಂತು. ಅಧಿಕಾರಿಗೆ ಬಡ್ತಿ ಬಂತು. ಕೇಸೊನ್ ಚಿಕ್ಕಮ್ಮನ ಅತ್ತೆಗೆ ಪುಣ್ಯ ಬಂತು. ತಮಗೆ ಸಾವಿರ ಮನೆ ಸಿಕ್ಕಿತು. ನನಗೆ, ನಿಜ ಹೇಳಿದವಳು ಎಂಬ ಹೆಸರು ಬಂತು. ಗಿರಾಕಿ ಒಬ್ಬರೂ ಬರಲಿಲ್ಲ.