ಕಾಲು ಮುರಿದವನ ಊಟದ ಪಟ್ಟಿ

ದಾನ ಕೊಡುವುದು ನನಗೆ ಚೆನ್ನಾಗಿ ಬರುತ್ತದೆ. ಹೊಟ್ಟೆ ಬೆಳೆದು ಗುಂಡಿ ಹಾಕಲಾಗದ ಅಂಗಿಗಳನ್ನೆಲ್ಲ ನಾನು ಕೆಲಸಕ್ಕಿರುವ ಈ ಅರಬ್ ಊರಿನ ಅಲ್ ಸದ್ದ್ ಬಡಾವಣೆಯ ನಮ್ಮ ಬೀದಿಯ ಬಟ್ಟೆದಾನದ ಪೆಟ್ಟಿಗೆಗೆ ತುರುಕಿ, ಎದೆಯುಬ್ಬಿಸಿ ಮನೆಗೆ ಬರುವವನು ನಾನು. ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ತಿಳಿದದ್ದು ಮಾತ್ರ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ. ಹೆಂಡತಿ ಶೋಭಾ ತಂಗಿಯ ಬಾಣಂತನಕ್ಕೆಂದು ಉಡುಪಿಗೆ ಹೋಗಿದ್ದಳು. ನಾನು ಬ್ರೆಡ್ಡು, ಬಾಳೆಹಣ್ಣಿನಲ್ಲಿ ದಿನ ದೂಡುತ್ತಿದ್ದೆ.

ಮೂರನೆಯ ದಿನ ನಮ್ಮ ಆಫೀಸಿನ ಮ್ಯಾನೇಜರ್, ಅಮೆರಿಕದ ಲಿಂಡಾ ಮೇಡಂ, ಒಂದು ಟ್ರೇ ಮ್ಯಾಕರೋನಿ ಹಿಡಿದು ಬಂದರು. ಕೈಯಲ್ಲೊಂದು ಪಟ್ಟಿ: ಯಾವ ದಿನ ಆಫೀಸಿನ ಯಾರ ಮನೆಯಿಂದ ನನಗೆ ಊಟ ಅಂತ.

"ಬೇಡ ಮೇಡಂ, ನಾನೇ ಏನಾದ್ರೂ ಮಾಡ್ಕೊಳ್ತೇನೆ," ಅಂದೆ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತುಕೊಂಡು.

ಅವರು ಕುರ್ಚಿ ಎಳೆದು ಕೂತರು. "ನಮ್ಮಪ್ಪನೂ ಹೀಗೇ ಅಂದಿದ್ದ," ಎಂದರು. ಅವರ ಮುತ್ತಜ್ಜನ ಕೊಟ್ಟಿಗೆ ಸುಟ್ಟುಹೋದಾಗ ಸುತ್ತಲಿನ ರೈತರೆಲ್ಲ ಸೇರಿ ಹೊಸದು ಎಬ್ಬಿಸಿದ್ದರಂತೆ. ಮುಂದೆ ಅಪ್ಪ ಒಂದು ಚಳಿಗಾಲವಿಡೀ ಹಾಸಿಗೆ ಹಿಡಿದಾಗ ಬೀದಿಯವರ ಪಾತ್ರೆಗಳು ಸರದಿಯಲ್ಲಿ ಬಂದವಂತೆ. "ನಮ್ಮ ದೇಶದ ಕೋಟ್ಯಧೀಶರು ಲೈಬ್ರರಿ, ಆಸ್ಪತ್ರೆ ಕಟ್ಟಿಸಿ ಬಾಗಿಲ ಮೇಲೆ ಹೆಸರು ಕೆತ್ತಿಸಿದರು. ಶಾಲೆಯಲ್ಲಿ ನಾವು ಓದಿದ್ದು ಅವರ ಬಗ್ಗೆಯೇ. ನಮಗೆ ಸೂಪು ತಂದವರ ಹೆಸರು ಎಲ್ಲೂ ಇಲ್ಲ. ಅಪ್ಪ ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಗೋಡೆ ಕಡೆ ತಿರುಗಿ ತಿಂದ. ಅಳ್ತಿದ್ದ."

ಅವರು ಹೋದ ಮೇಲೆ ಶೋಭಾಳಿಗೆ ಫೋನ್ ಮಾಡಿ ಸಂಕಟ ತೋಡಿಕೊಂಡೆ.

"ಅವರು ಪ್ರೀತಿಯಿಂದ ತಂದು ಕೊಡುವಾಗ ಸುಮ್ಮನೆ ತಿನ್ನಿ ಮಾರಾಯ್ರೆ! ನಿಮ್ಮ ಬಿಗುಮಾನ ಕಟ್ಟಿಕೊಂಡು ಯಾರಿಗೇನಾಗ್ಬೇಕು?" ಎಂದಳು.

ತಿಂದೆ. ಮ್ಯಾಕರೋನಿಗೆ ಉಪ್ಪೂ ಇಲ್ಲ, ಖಾರವೂ ಇಲ್ಲ. ಆದರೂ ಅರ್ಧ ಟ್ರೇ ಖಾಲಿ ಮಾಡಿದೆ. ಮರುದಿನದಿಂದ ಫಿಲಿಪಿನೊ ಸಹೋದ್ಯೋಗಿಯ ನೂಡಲ್ಸು, ಅಲ್ ಥುಮಾಮಾ ಬಡಾವಣೆಯಿಂದ ಮಲಯಾಳಿ ದಂಪತಿಯ ಅವಿಯಲ್, ಎಲ್ಲವೂ ಬಂದವು. ಮೊದಲ ವಾರ ಬಾಗಿಲು ತೆರೆಯಲು ನಾಚುತ್ತಿದ್ದವನು ಎರಡನೆಯ ವಾರ ಹನ್ನೆರಡು ಗಂಟೆಗೇ ಬಾಗಿಲ ಬಳಿ ಕುರ್ಚಿ ಹಾಕಿ ಕೂರತೊಡಗಿದೆ.

ಕೊನೆಗೊಂದು ಮಂಗಳವಾರ ಡಾಕ್ಟರ್ ಪ್ಲಾಸ್ಟರ್ ಬಿಚ್ಚಿ, "ಖಲಾಸ್, ನಾಳೆಯಿಂದ ಆಫೀಸಿಗೆ ಹೋಗಬಹುದು," ಎಂದರು. ಮನೆಗೆ ಬಂದು ಪಟ್ಟಿ ನೋಡಿದೆ. ಗುರುವಾರ ಈಜಿಪ್ಟಿನ ಮೋನಾ ಅವರ ಸರದಿ: ಅನ್ನ ತುಂಬಿದ ದೊಣ್ಣೆಮೆಣಸು.

ಇಲ್ಲಿ ಶುಕ್ರ, ಶನಿ ಹೇಗೂ ರಜೆ. ಲಿಂಡಾ ಮೇಡಂಗೆ ಫೋನ್ ಮಾಡಿ, ಭಾನುವಾರದಿಂದ ಬರುತ್ತೇನೆ, ಕಾಲು ಇನ್ನೂ ಸ್ವಲ್ಪ ನೋಯುತ್ತಿದೆ ಎಂದೆ.