ಲೋಟ ಕುಟ್ಟಿ ಕಲಿಸಿದ ಇಂಗ್ಲಿಷ್

"ಯಜ್ಞೇಶ್ವರನ ಇಂಗ್ಲಿಷನ್ನು ಒಂದೇ ವಾರದಲ್ಲಿ ಲಂಡನ್ನಿಗೆ ಮುಟ್ಟಿಸುತ್ತೇನೆ!" ಎಂದು ನಾನು ಡೊಂಬಿವಲಿಯಲ್ಲಿ ಘೋಷಿಸಿದ್ದು 2007ರಲ್ಲಿ. ಅವನ ಮಗಳು ಸುಮೇಧಾಳಿಗೆ ಇಂಗ್ಲಿಷ್ ಶಾಲೆಯಲ್ಲಿ ಸೀಟು ಬೇಕಿತ್ತು. ಅದಕ್ಕೆ ಅಪ್ಪನಿಗೆ ಇಂಟರ್‌ವ್ಯೂ! ಹತ್ತಿರದ ಶಹಾಡಿನಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಗೆಳೆಯನಿಗೆ ಆ ಹೆದರಿಕೆಯಲ್ಲಿ ತನ್ನದೇ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವನ ಮನೆಯ ಊಟದ ಮೇಜೇ ನನ್ನ ವಿಶ್ವವಿದ್ಯಾಲಯ. "ಜೋಡಿಪದವನ್ನು ಎರಡು ತುಂಡು ಮಾಡು. ಮೊದಲನೆಯದು ಜೋರು, ಎರಡನೆಯದು ಮೆತ್ತಗೆ. ಕ್ಲಾಸ್...ರೂಮ್!" ಎಂದು ಸ್ಟೀಲು ಲೋಟದಿಂದ ಮೇಜು ಕುಟ್ಟಿ ತೋರಿಸಿದೆ.

"ನಮ್ಮಲ್ಲಿ ಉಲ್ಟಾ ಮಾರಾಯ. ಜೋಡಿಯಲ್ಲಿ ಎರಡನೆಯವರದ್ದೇ ಜೋರು," ಎಂದ, ಅಡುಗೆಮನೆಯತ್ತ ಕಣ್ಣು ಹಾಯಿಸಿ.

ಅಷ್ಟರಲ್ಲಿ ಅವನ ಹೆಂಡತಿ ರಮಾಮಣಿ ಎರಡು ಕಾಫಿ ತಂದಿಟ್ಟರು. ಅವನ ಹೋಟೆಲಿನಲ್ಲಿ ಲೋಟ ಕುಟ್ಟಿದರೆ ಕಾಫಿ ಬೇಕೆಂದು ಅರ್ಥ; ಮನೆಯಲ್ಲೂ ಅದೇ ಕಾನೂನು! ಬ್ಲ್ಯಾಕ್‌ಬೋರ್ಡಿಗೆ ಎರಡು ಕಾಫಿ, ಪ್ಲೇಗ್ರೌಂಡಿಗೆ ಎರಡು. ಟೂತ್‌ಬ್ರಶ್ಶಿನ ಹೊತ್ತಿಗೆ ಹಾಲು ಮುಗಿಯಿತು. ಕೆಳಮನೆಯ ಮರಾಠಿ ಅಜ್ಜ, ಆಜೋಬಾ, ಏನು ನಡೀತಿದೆ ಇಲ್ಲಿ ಅನ್ನುವ ಹಾಗೆ "ಕಾಯ್ ಚಾಲ್ಲಂಯ್?" ಎಂದು ಗುಡುಗುತ್ತ ಹತ್ತಿ ಬಂದವರು, ಉಳಿದ ಕಾಫಿ ಕುಡಿದು ತಣ್ಣಗೆ ಇಳಿದುಹೋದರು.

"ಇದು ಇಂಗ್ಲಿಷಾ, ಚೆಂಡೆಯಾ ಮಾರಾಯ್ರೆ?" ಎಂದರು ರಮಾಮಣಿ.

ಇಂಟರ್‌ವ್ಯೂ ದಿನ ಯಜ್ಞೇಶ್ವರ "ಕ್ಲಾಸ್‌ರೂಮ್" ಎನ್ನುತ್ತಲೇ, ಅಭ್ಯಾಸಬಲದಿಂದ, ಪ್ರಿನ್ಸಿಪಾಲರ ನೀರಿನ ಲೋಟವನ್ನೇ ಎತ್ತಿ ಮೇಜಿಗೆ ಕುಟ್ಟಿದ. ನೀರೆಲ್ಲ ಆಕೆಯ ಸೀರೆ ಮೇಲೆ! ಒತ್ತು ಮಾತ್ರ ಕರಾರುವಾಕ್ಕು. ಆಕೆ ಬಿದ್ದುಬಿದ್ದು ನಕ್ಕರಂತೆ. ಸೀಟು ಸಿಕ್ಕಿತು. ಆ ಕೀರ್ತಿ ನನ್ನ ಪಾಠದ್ದೆಂದು ವರ್ಷಗಟ್ಟಲೆ ಕೊಚ್ಚಿಕೊಂಡೆ; ಅವನು ಒಮ್ಮೆಯೂ ತಿದ್ದಲಿಲ್ಲ.

ಸುಮೇಧಾ ಈಗ ಕಾಲೇಜಿನಲ್ಲಿದ್ದಾಳೆ. ಕಳೆದ ತಿಂಗಳು ಯಜ್ಞೇಶ್ವರ ತೀರಿಕೊಂಡ.

ಅವನಿಲ್ಲದ ಮನೆಯ ಮೆಟ್ಟಿಲು ಹತ್ತಲು ನನಗೆ ನಿನ್ನೆಯವರೆಗೂ ಧೈರ್ಯ ಬರಲಿಲ್ಲ. ಓದಿದ್ದನ್ನೆಲ್ಲ ನೆನಪಿಸಿಕೊಂಡು ಸಮಾಧಾನದ ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಮೇಜಿನ ಮುಂದೆ ಕೂತಾಗ ಒಂದೂ ಬಾಯಿಗೆ ಬರಲಿಲ್ಲ. ಕೈ ಮಾತ್ರ, ತನ್ನಷ್ಟಕ್ಕೆ, ಅಲ್ಲಿದ್ದ ಲೋಟವನ್ನು ಮೆಲ್ಲಗೆ ಕುಟ್ಟಿತು.

ರಮಾಮಣಿ ಒಳಗಿನಿಂದ ಬಂದರು. ಕೈಯಲ್ಲಿ ಎರಡು ಕಾಫಿ!

"ಅವರದ್ದೂ ತಂದುಬಿಟ್ಟೆ," ಎಂದರು. ಇಬ್ಬರೂ ಆ ಲೋಟವನ್ನೇ ನೋಡಿದೆವು. ಆಮೇಲೆ ಅವರು ಅವನ ಕುರ್ಚಿ ಎಳೆದು ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡು ಆ ಕಾಫಿಯನ್ನು ತಾವೇ ಎತ್ತಿಕೊಂಡರು.

"ಹೂಂ, ಪಾಠ ಶುರು ಮಾಡಿ ಮೇಷ್ಟ್ರೇ. ಆದರೆ ಮೆಲ್ಲಗೆ ಕುಟ್ಟಿ, ಹಾಲು ಅರ್ಧ ಲೀಟರೇ ಉಂಟು!"